ಬೆಲೆ ಏರಿದಾಗಲೆಲ್ಲ ತಾರಸಿ ಹತ್ತುವವರಿಗೆ ಒಂದು ಬಹಿರಂಗ ಪತ್ರ

ಸನ್ಮಾನ್ಯ ತಾರಸಿ ಕೃಷಿಕರೇ,

ಈರುಳ್ಳಿ ತುಟ್ಟಿಯಾಯಿತೆಂದು ಟಿವಿಯಲ್ಲಿ ಬಂದ ಮರುದಿನವೇ ನೀವು ಕೋಕೋಪೀಟ್ ಚೀಲ ಹೊತ್ತು ಮೆಟ್ಟಿಲು ಹತ್ತುವುದನ್ನು ಕಂಡು ಮನಸ್ಸು ತುಂಬಿ ಬರುತ್ತದೆ. 1998ರಲ್ಲಿ ಇದೇ ಈರುಳ್ಳಿ ದಿಲ್ಲಿಯ ಸರ್ಕಾರವನ್ನೇ ಕೆಳಗಿಳಿಸಿತೆಂದು ಈಗಲೂ ಹೇಳುವವರಿದ್ದಾರೆ. ನಿಮ್ಮನ್ನು ಒಂದು ಮಹಡಿ ಮೇಲೆ ಹತ್ತಿಸುವುದು ಅದಕ್ಕೆ ಯಾವ ಲೆಕ್ಕ!

ನಿಮ್ಮ ಗಣಿತವಂತೂ ಅಮೋಘ. ಬೆಲೆ ನೆತ್ತಿಗೇರುವುದು ಸಾಮಾನ್ಯವಾಗಿ ಅಕ್ಟೋಬರ್, ನವೆಂಬರಿನಲ್ಲಿ. ನಿಮ್ಮ ಪುಣ್ಯ, ಹಿಂಗಾರಿನ ಈರುಳ್ಳಿ ಬೀಜ ಬಿತ್ತುವುದಕ್ಕೂ ಅದೇ ಸರಿಯಾದ ಕಾಲ. ಸಸಿ ಮಡಿಯಲ್ಲಿ ಆರೇಳು ವಾರ, ನಾಟಿ ಆದ ಮೇಲೆ ಹತ್ತಿರ ಹತ್ತಿರ ನಾಲ್ಕು ತಿಂಗಳು. ಗಡ್ಡೆ ಕೈಗೆ ಬರುವಾಗ ಏಪ್ರಿಲ್. ಆ ಹೊತ್ತಿಗೆ ಲಾಸಲಗಾಂವದಿಂದ ಹುಬ್ಬಳ್ಳಿವರೆಗೆ ಊರೂರಿನ ಹಿಂಗಾರು ಬೆಳೆ ಮಾರುಕಟ್ಟೆಗೆ ಬಂದು ಬಿದ್ದಿರುತ್ತದೆ, ನಿಮ್ಮ ಬೀದಿಯಲ್ಲೇ ತಳ್ಳುಗಾಡಿಯವನು ನೂರಕ್ಕೆ ಇಷ್ಟು ಕಿಲೋ ಎಂದು ಕೂಗುತ್ತಿರುತ್ತಾನೆ. ಹಾಗಾಗಿ ಬೆಳೆದದ್ದನ್ನು ದಸರೆಯವರೆಗೆ ಕೊಳೆಯದಂತೆ ಇಟ್ಟುಕೊಂಡರೆ ಮಾತ್ರ ನಿಮ್ಮ ಶ್ರಮಕ್ಕೆ ಬೆಲೆ. ಆದರೆ ಇಡುವ ಮಾತು ಯಾರಿಗೆ ಬೇಕು? ಬೆಳೆಯುವ ವಿಡಿಯೋಗೆ ಸಿಗುವ ಲೈಕು ಇಡುವ ವಿಡಿಯೋಗೆ ಸಿಗುವುದಿಲ್ಲ.

ಬೀಜದ ಆಯ್ಕೆಯಲ್ಲೂ ನಿಮ್ಮದು ಜಾಗತಿಕ ದೃಷ್ಟಿ. ಆನ್‌ಲೈನಿನಲ್ಲಿ ಅಂಗೈ ತುಂಬುವ, ಹೊಂಬಣ್ಣದ ವಿದೇಶಿ ಈರುಳ್ಳಿಯನ್ನೇ ಹುಡುಕಿ ತರಿಸುತ್ತೀರಿ. ತಣ್ಣನೆ ದೇಶಗಳ ಆ ತಳಿಗಳು ಗಡ್ಡೆ ಕಟ್ಟಬೇಕಾದರೆ ದಿನಕ್ಕೆ ಸುಮಾರು 14 ಗಂಟೆ ಹಗಲು ಬೇಕು. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲು, ಅಂದರೆ ಜೂನ್ 21ರದ್ದು, 13 ಗಂಟೆಯನ್ನೂ ಮುಟ್ಟುವುದಿಲ್ಲ. ಗಿಡ ಪಾಪ ಏನು ಮಾಡೀತು? ಎಲೆ ಬಿಡುತ್ತದೆ, ಕಾಯುತ್ತದೆ, ಮತ್ತೊಂದು ಎಲೆ ಬಿಡುತ್ತದೆ. ಫೋಟೋಗೆ ಚೆನ್ನ, ಆಮ್ಲೆಟ್ಟಿಗೂ ಆದೀತು. ರಾಜಗುರುನಗರದ ಸಂಶೋಧಕರ ಭೀಮಾ ಶಕ್ತಿ, ಭೀಮಾ ಕಿರಣ್, ಹೆಸರಘಟ್ಟದ ಅರ್ಕಾ ನಿಕೇತನ್, ಹಳೆಯ ಎನ್-2-4-1 ಇವೆಲ್ಲ ನಮ್ಮ ಗಿಡ್ಡ ಹಗಲಿನಲ್ಲೇ ಗಡ್ಡೆ ಕಟ್ಟಿ ನಾಲ್ಕೈದು ತಿಂಗಳು ತಾಳುವ ತಳಿಗಳು. ಆದರೆ ಅವುಗಳ ಪೊಟ್ಟಣದ ಮೇಲಿನ ಚಿತ್ರ ಸಪ್ಪೆ, ನಿಮ್ಮ ಮನಸ್ಸಿಗೆ ಹಿಡಿಸುವುದಿಲ್ಲ.

ಎಲ್ಲಕ್ಕಿಂತ ದೊಡ್ಡದು ನಿಮ್ಮ ಮಮತೆ. ಗಡ್ಡೆ ಬಲಿತು ಎಲೆ ಹಳದಿಯಾಗತೊಡಗಿದರೆ ಸಾಕು, ಗಿಡಕ್ಕೆ ಹಸಿವಾಗಿದೆ ಎಂದುಕೊಂಡು ಒಂದು ಹಿಡಿ ಯೂರಿಯಾ, ಎರಡು ಚೊಂಬು ನೀರು. ಕೆಡುವುದು ಇಲ್ಲೇ. ನಾಟಿಯಾಗಿ ಎರಡು ತಿಂಗಳು ದಾಟಿದ ಮೇಲೆ ಸಾರಜನಕ ಕೊಟ್ಟರೆ ಕತ್ತು ದಪ್ಪವಾಗುತ್ತದೆ, ಕತ್ತು ದಪ್ಪವಾದ ಈರುಳ್ಳಿ ಉಳಿಯುವುದಿಲ್ಲ. ಎಲೆಗಳು ಗಡ್ಡೆಯಿಂದ ಹೊರಡುವ ಆ ಜಾಗವನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಒಮ್ಮೆ ಹಿಸುಕಿ ನೋಡಿ. ಒಳಗೆ ಟೊಳ್ಳಾಗಿ ಚಪ್ಪಟೆಯಾದರೆ ಹಣ್ಣಾಗಿದೆ. ರಸ ತುಂಬಿ ಬಿಗಿಯಾಗಿದ್ದರೆ, ನಡುವೆ ಹೂವಿನ ದಂಟು ಸಿಕ್ಕಿದರೆ, ಅದು ಇದೇ ವಾರದ ಹುಳಿಗೆ. ಅರ್ಧದಷ್ಟು ಗಿಡಗಳ ಕತ್ತು ತಾವಾಗಿ ಬಿದ್ದಾಗ ಕೀಳಬೇಕು, ಅದಕ್ಕೆ 10–15 ದಿನ ಮೊದಲೇ ನೀರು ನಿಲ್ಲಿಸಬೇಕು. ಬಾಡುತ್ತಿರುವ ಗಿಡದ ಮುಂದೆ ಕೈಕಟ್ಟಿ ನಿಲ್ಲುವಷ್ಟು ಕಲ್ಲುಹೃದಯ ನಿಮಗೆಲ್ಲಿಂದ ಬರಬೇಕು!

ಕಿತ್ತ ಮೇಲೆ ನಲ್ಲಿಯ ಕೆಳಗೆ ತೊಳೆದು, ಕತ್ತನ್ನು ಬುಡಕ್ಕೇ ಕತ್ತರಿಸಿ, ಮಿರಮಿರ ಮಿಂಚಿಸಿ ಸ್ಟೇಟಸ್ಸಿಗೆ ಹಾಕುತ್ತೀರಿ. ರೈತರು ಅಷ್ಟು ಅಚ್ಚುಕಟ್ಟಲ್ಲ ಬಿಡಿ. ಒಂದರ ಎಲೆ ಇನ್ನೊಂದರ ಗಡ್ಡೆಗೆ ಮರೆಯಾಗುವಂತೆ ಮೂರು ನಾಲ್ಕು ದಿನ ಹೊಲದಲ್ಲೇ ಹಾಸುತ್ತಾರೆ, ಆಮೇಲೆ ವಾರ ಹತ್ತು ದಿನ ಗಾಳಿಯಾಡುವ ನೆರಳಿನಲ್ಲಿ. ಕತ್ತು ಪೂರ್ತಿ ಒಣಗಿ ಬಾಯಿ ಮುಚ್ಚಿದ ಮೇಲೆ 2 ಸೆಂಟಿಮೀಟರಿನಷ್ಟು ಉಳಿಸಿ ಕೊಯ್ಯುತ್ತಾರೆ. ಆ ಬಾಯಿ ತೆರೆದಿದ್ದರೆ ಕೊಳೆ ಒಳಗೆ ಹೋಗಲು ಬೇರೆ ದಾರಿ ಹುಡುಕಬೇಕಿಲ್ಲ.

ಕೊನೆಗೆ ಫ್ರಿಜ್. ಈರುಳ್ಳಿ ಸೊನ್ನೆ ಡಿಗ್ರಿಯಲ್ಲಿ ನಿದ್ದೆ ಮಾಡುತ್ತದೆ, 25–30 ಡಿಗ್ರಿಯಲ್ಲೂ ಮಾಡುತ್ತದೆ. ನಡುವಿನ ತಂಪಿನಲ್ಲಿ ಎಚ್ಚರಾಗಿ ಮೊಳಕೆ ಬಿಡುತ್ತದೆ. ಹಾಗಾಗಿ ತರಕಾರಿ ಡಬ್ಬಿಯಲ್ಲಿ ಹಸಿರು ಚಿಗುರು ಕಂಡರೆ ಎರಡನೇ ಬೆಳೆ ಎಂದು ಸಂಭ್ರಮಿಸಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟವರಿಗೆ ಮಳೆಗಾಲದಲ್ಲಿ ಸಿಪ್ಪೆಯ ಕೆಳಗೆ ಕಪ್ಪು ಬೂಷ್ಟಿನ ಪುಡಿಯೂ ಸಿಗುತ್ತದೆ.

ಇಷ್ಟೆಲ್ಲ ಸರಿಹೋದರೂ 15ಕ್ಕೆ 10 ಸೆಂಟಿಮೀಟರ್ ಅಂತರದಲ್ಲಿ ಒಂದು ಚದರ ಮೀಟರಿಗೆ ಕೂರುವುದು 66 ಗಡ್ಡೆ. ನೆಂಟರು ಬಂದು ಎರಡು ದಿನ ಈರುಳ್ಳಿ ಬಜ್ಜಿ ಮಾಡಿದರೆ ನಿಮ್ಮ ದಾಸ್ತಾನಿನ ಕಥೆ ಮುಗಿಯಿತು. ಅತ್ತ ಚಿತ್ರದುರ್ಗ, ಗದಗದ ಕಡೆ ಮಳೆಗೆ ಸಿಕ್ಕ ಮುಂಗಾರು ಈರುಳ್ಳಿಯನ್ನು ಲಾರಿಗಟ್ಟಲೆ ಬೆಳೆದವರು ಅದು ಉಳಿಯುವ ಮಾಲಲ್ಲವೆಂದು ಗೊತ್ತಿದ್ದೇ ಸಿಕ್ಕ ರೇಟಿಗೆ ಕೊಡುತ್ತಾರೆ. 2023ರ ಡಿಸೆಂಬರಿನಿಂದ 2024ರ ಮೇವರೆಗೆ ರಫ್ತನ್ನೇ ನಿಷೇಧಿಸಿದ್ದಾಗ ಬೆಳೆಗಾರರಿಗೆ ಉಳಿದ ದಾರಿಯೂ ಅದೇ. ನಿಮಗೆ ಅಂಥ ತಾಪತ್ರಯವಿಲ್ಲ, ಆರಾಮಾಗಿ ನೀರು ಹಾಕುತ್ತಿರಿ.

ಒಂದೇ ಒಂದು ವಿನಂತಿ. ಈರುಳ್ಳಿ ಬೀಜ ವರ್ಷ ಕಳೆದರೆ ಸರಿಯಾಗಿ ಮೊಳೆಯುವುದಿಲ್ಲ. ಪೊಟ್ಟಣದಲ್ಲಿ ಉಳಿದದ್ದನ್ನು ಮುಂದಿನ ಬೆಲೆಯೇರಿಕೆಗೆಂದು ಎತ್ತಿಡಬೇಡಿ, ಈ ನವೆಂಬರಿನಲ್ಲೇ ಪಕ್ಕದ ಮನೆಯವರಿಗೆ ಕೊಟ್ಟುಬಿಡಿ.

ಇಂತಿ ನಿಮ್ಮ ಹಿತೈಷಿ,
ಕೆಳಗಿನ ಮನೆಯವರು