ಟೇಪಿಗೆ ಸಿಗದ ಕತ್ತಲು

ನಿಪ್ಪಾಣಿಯ ಪೇಟೆಯಲ್ಲಿ ಹೀಗೊಂದು ಮಾತುಕತೆ ನಡೆಯಿತು ಅಂದುಕೊಳ್ಳಿ.

"ಸಾಹೇಬ್ರ, ಟೇಪ್ ಹಿಡದು ನೋಡ್ರಿ. ಐದು ಅಡಿ ಬೋರ್ಡು. ಮ್ಯಾಲಿನ ಮೂರು ಅಡಿ ಕನ್ನಡ, ಕೆಳಗಿನ ಎರಡು ಅಡಿ ಮರಾಠಿ. ಲೆಕ್ಕ ಬರೋಬರಿ ಐತಿಲ್ರಿ?"

"ಐತಿ. ಆದ್ರ ಕತ್ತಲಾದ ಮ್ಯಾಲ ಕೆಳಗಿಂದಷ್ಟ ಎಲ್‌ಇಡಿ ಉರೀತೈತಂತಲ್ಲೋ?"

"ಕಾಯ್ದೆದಾಗ ಲೈಟಿನ ಮಾತು ಎಲ್ಲೈತ್ರಿ?"

ಅಂಗಡಿಕಾರ ಕಿಲಾಡಿ, ಆದರೆ ಕಾಯ್ದೆಯನ್ನು ಓದಿಕೊಂಡವನು. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ಬಂದ ತಿದ್ದುಪಡಿ ಕೇಳುವುದು ಎರಡೇ: ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಅದು ಮೇಲ್ಭಾಗದಲ್ಲಿರಬೇಕು. ಎರಡೂ ಟೇಪಿಗೆ ಸಿಗುವಂಥವು. ಅಕ್ಷರ ಓದುವುದಕ್ಕಾಗಿ ಎಂಬುದು ಮಾತ್ರ ಟೇಪಿಗೆ ಸಿಗುವುದಿಲ್ಲ. ಪೇಟೆಗೆ ರಂಗೇರುವುದೇ ದೀಪ ಹತ್ತಿದ ಮೇಲೆ, ಆಗ ಶೇ. 60 ಗೋಡೆಯ ಬಣ್ಣವಾಗಿ, ಶೇ. 40 ಅಂಗಡಿಯ ಹೆಸರಾಗುತ್ತದೆ. ಗಿರಾಕಿ ಕೊಲ್ಲಾಪುರದ ಕಡೆಯಿಂದಲೂ ಬರುತ್ತಾನೆ, ಮರಾಠಿಯ ದೀಪ ಆರಿಸಬೇಕೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಆರಿಸು ಎಂದವರಾರು? ಮೇಲಿನದನ್ನೂ ಹಚ್ಚು ಎಂಬುದಷ್ಟೇ ವಾದ. ಬೆಳಕಿಗೂ ನಿಯಮವಾದರೆ ಅದಕ್ಕೊಬ್ಬ ಇನ್‌ಸ್ಪೆಕ್ಟರ್, ಅವನಿಗೊಂದು ಜೀಪು ಎಂಬ ಭಯ ಆ ಆಕ್ಷೇಪಕ್ಕಿಂತ ಗಟ್ಟಿ. (ಜೀಪಿಗೆ ಡ್ರೈವರ್ ಬೇರೆ.) ಅದೂ ಬೇಡ, ಪರವಾನಗಿ ಕೊಡುವಾಗಲೇ 'ದೀಪ ಹಾಕಿದರೆ ಇಡೀ ಫಲಕಕ್ಕೆ' ಎಂದು ಒಂದು ಸಾಲು ಬರೆದರಾಯಿತು.

"ಹಂಗಾರ ಕತ್ತಲಾದ ಮ್ಯಾಲ ಬಂದು ನೋಡ್ರಿ ಸಾಹೇಬ್ರ."

"ಆಫೀಸು ಸಂಜೀಕ ಬಂದಾಗತೈತೋ."

"ನಮ್ಮ ಲೈಟ್ ಹತ್ತೂದು ಆಮ್ಯಾಲ ರೀ."