ಊರಭಿಮಾನಿಯ ಮೊದಲ ಪುಟ

ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ವಿಕಿವಾಯೇಜ್ ಎಂಬ ಆನ್‌ಲೈನ್ ಪ್ರವಾಸ ಕೈಪಿಡಿಗೆ ಊರಭಿಮಾನಿ ಬರೆಯಲು ಕೂತದ್ದು ಮೊದಲ ಸಾಲಿನಲ್ಲೇ ಗೊತ್ತಾಗಿಬಿಡುತ್ತದೆ. ಊರು ಬಾದಾಮಿಯಾದರೆ ಆ ಸಾಲು ಅಲ್ಲಿಂದ ಆಳಿದ ಚಾಲುಕ್ಯ ದೊರೆ ಇಮ್ಮಡಿ ಪುಲಕೇಶಿಯದು. ಎರಡನೆಯದರಲ್ಲಿ ಪ್ರಕೃತಿಯ ಮಡಿಲು, ಮೂರನೆಯದರಲ್ಲಿ ಶಿಲ್ಪಕಲೆಯ ತವರು, ನಾಲ್ಕನೆಯದರಲ್ಲಿ ಕಣ್ಣಿಗೆ ಹಬ್ಬ. ವರ್ಣಿಸಲು ಪದಗಳು ಸಾಲವು ಎಂದು ಐದನೆಯದು ಕೈಚೆಲ್ಲುತ್ತದೆ. ಆಮೇಲೂ ಪದಗಳು ಮೂರು ಪುಟ ಬರುತ್ತಲೇ ಇರುತ್ತವೆ. ಬರೆಯುವ ಭಾಷೆ ಇಂಗ್ಲಿಷಾದರೂ ಶೈಲಿ ಅಭಿನಂದನ ಗ್ರಂಥದ್ದೇ. ಇಷ್ಟೆಲ್ಲದರ ನಡುವೆ, ರೈಲ್ವೆ ನಿಲ್ದಾಣ ಊರಿನಿಂದ ಸುಮಾರು 5 ಕಿಲೋಮೀಟರ್ ದೂರ, ಗಂಟುಮೂಟೆ ಹೊತ್ತು ಇಳಿದವರು ಅಲ್ಲಿಂದ ಗಾಡಿ ಹಿಡಿಯಬೇಕು ಎಂಬುದು ಮಾತ್ರ ಎಲ್ಲಿಯೂ ಇಲ್ಲ. ಅವನಿಗೆ ಬರೆಯಲು ಬರುವುದಿಲ್ಲವೆಂದಲ್ಲ. ತನ್ನೂರಿನಲ್ಲಿ ತಾನೇ ಪರಊರಿನವನಾಗಿ ನಿಲ್ಲುವುದು ಅವನಿಗೆ ಬರುವುದಿಲ್ಲ. ಕೈಪಿಡಿ ಅವನಿಗೆ ಕಲಿಸುವುದೆಲ್ಲ ಈ ಒಂದು ವಿದ್ಯೆಯನ್ನೇ.

ಪುಟದ ಕಟ್ಟೇ ಇದಕ್ಕೆ ಸಾಕ್ಷಿ. ಇತಿಹಾಸಕ್ಕೆ ಆರಂಭದಲ್ಲಿ ಒಂದಿಷ್ಟು ಜಾಗ ಕೊಟ್ಟು, ತಲುಪುವುದು ಹೇಗೆ, ಓಡಾಡುವುದು ಹೇಗೆ, ನೋಡುವುದೇನು, ಉಣ್ಣುವುದೆಲ್ಲಿ, ಮಲಗುವುದೆಲ್ಲಿ ಎಂದು ಅದು ಒಂದೊಂದಾಗಿ ಕೇಳುತ್ತದೆ. ಮಲಗುವ ವಿಭಾಗಕ್ಕೆ ಬಂದಾಗ ಊರಭಿಮಾನಿಗೆ ತನ್ನ ಭಾವನ ಲಾಡ್ಜು ನೆನಪಾಗಿ, ‘ಅತ್ಯುತ್ತಮ, ಮನೆಯಂಥದ್ದು’ ಎಂದು ಬರೆಯುತ್ತಾನೆ. ಪ್ರಚಾರ ಸಲ್ಲದು ಎಂಬ ನಿಯಮದಡಿ ಯಾರೋ ಅದನ್ನು ಅಳಿಸಿ, ಬಾಡಿಗೆ ಎಷ್ಟು, ವಿಳಾಸ ಯಾವುದು ಎಂದು ವಿಚಾರಿಸುತ್ತಾರೆ. ಇತಿಹಾಸದಲ್ಲೂ ಅವನಿಗೆ ನೆಮ್ಮದಿಯಿಲ್ಲ. 642ರ ಸುಮಾರಿಗೆ ಪಲ್ಲವ ನರಸಿಂಹವರ್ಮ ವಾತಾಪಿಯನ್ನು, ಅಂದರೆ ಇದೇ ಬಾದಾಮಿಯನ್ನು, ಗೆದ್ದ ಸಂಗತಿಯನ್ನು ಅವನು ಮರೆತಿರುತ್ತಾನೆ. ಪಲ್ಲವರ ರಾಜಧಾನಿ ಕಾಂಚೀಪುರದ ಕಡೆಯ ಊರಭಿಮಾನಿಗೆ ಬೇರೇನು ಮರೆತರೂ ಅದು ಮರೆತಿರುವುದಿಲ್ಲ. ಕೋತಿಗಳ ಕಾಟವನ್ನು ಬರೆದರೆ ಊರಿನ ಮಾನ ಹೋಗುತ್ತದೆಂದು ಅವನು ಸುಮ್ಮನಿದ್ದರೆ, ಗುಹೆಯ ಮೆಟ್ಟಿಲಲ್ಲಿ ಬಾಳೆಹಣ್ಣು ಕಳೆದುಕೊಂಡ ಪ್ರವಾಸಿಗ ಆ ಸಾಲನ್ನು ಧಾರಾಳವಾಗಿ ಸೇರಿಸಿ ಹೋಗುತ್ತಾನೆ.

ಹೊಗಳಿಕೆಯನ್ನೆಲ್ಲ ಕಿತ್ತರೆ ಉಳಿಯುವುದು ಬಸ್ಸಿನ ವೇಳಾಪಟ್ಟಿ ತಾನೇ ಎಂದು ಅವನ ಪರವಾಗಿ ಕೇಳಬಹುದು. ಹಾಗಾಗಬೇಕಿಲ್ಲ. ವಿಕಿಪೀಡಿಯದ ಕಟ್ಟುನಿಟ್ಟಿನ ತಟಸ್ಥತೆಯನ್ನು ಇಲ್ಲಿ ಯಾರೂ ಬೇಡುವುದಿಲ್ಲ. ನ್ಯಾಯವಾಗಿದ್ದರೆ ಅಭಿಪ್ರಾಯವೂ ಸಲ್ಲುತ್ತದೆ, ನಗೆಯೂ ಸಲ್ಲುತ್ತದೆ. ‘ನಾಲ್ಕು ಗುಹೆಗಳಲ್ಲಿ ಮೂರನೆಯದು ದೊಡ್ಡದು, 578ರ ಶಾಸನವೂ ಅಲ್ಲೇ ಇದೆ, ಸಮಯ ಕಡಿಮೆಯಿದ್ದರೆ ಉಳಿದವನ್ನು ಬೇಗ ಮುಗಿಸಿ ಅಲ್ಲಿ ನಿಲ್ಲಿ’ ಎಂಬುದೂ ಹೊಗಳಿಕೆಯೇ. ಕಣ್ಣಿಗೆ ಹಬ್ಬ ಎಂದಾಗ ಪ್ರವಾಸಿಗ ತಲೆಯಾಡಿಸುತ್ತಾನೆ, ಇದನ್ನು ಓದಿದಾಗ ಮೆಟ್ಟಿಲು ಹತ್ತುತ್ತಾನೆ. ಪರಊರಿನವನ ಕಣ್ಣೇ ಸಾಕಾದರೆ ಸ್ಥಳೀಕನೇಕೆ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಆದರೆ ಯಾವ ಹೊತ್ತಿನಲ್ಲಿ ಬಂಡೆ ಕಾಯುತ್ತದೆ, ಯಾವ ಖಾನಾವಳಿಯಲ್ಲಿ ರೊಟ್ಟಿ ಬಿಸಿಯಾಗಿ ಬರುತ್ತದೆ ಎಂಬುದು ಒಂದೇ ದಿನ ಇದ್ದು ಹೋದವನಿಗೆ ತಿಳಿಯದು. ಊರಭಿಮಾನಿಗೆ ಅದೆಲ್ಲ ಎಷ್ಟು ಚೆನ್ನಾಗಿ ಗೊತ್ತೆಂದರೆ, ಅದೂ ಒಂದು ತಿಳಿವಳಿಕೆ ಎಂದು ಅವನಿಗೇ ಹೊಳೆದಿರುವುದಿಲ್ಲ.

ಬೆವರು ಸುರಿಸಿ ಬರೆದದ್ದು ಕೊನೆಗೆ ಯಾರದ್ದೋ ಆಗಿಬಿಟ್ಟರೆ ಎಂಬ ಅವನ ಅಳಲಿಗೆ ಈ ಕೈಪಿಡಿಯ ಚರಿತ್ರೆಯೇ ಉತ್ತರ. 2003ರಲ್ಲಿ ಹುಟ್ಟಿದ, ಇಂಥದ್ದೇ ಕೈಪಿಡಿಯಾದ ವಿಕಿಟ್ರಾವೆಲ್ 2006ರಲ್ಲಿ ಒಂದು ಕಂಪನಿಯ ಕೈಸೇರಿತು. ಅದು ಹಿಡಿಸದ ಬರಹಗಾರರಲ್ಲಿ ಕೆಲವರು ಅದೇ ವರ್ಷ ವಿಕಿವಾಯೇಜ್ ಕಟ್ಟಿಕೊಂಡರು. 2013ರಲ್ಲಿ ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಸಂಸ್ಥೆ ಅದಕ್ಕೆ ಆಶ್ರಯ ಕೊಟ್ಟಿತು. ಬರೆದದ್ದನ್ನು ಜೊತೆಗೆ ಒಯ್ಯಲು ಸಾಧ್ಯವಾದದ್ದು ಅದು ಯಾರೊಬ್ಬರ ಸ್ವತ್ತೂ ಅಲ್ಲದ, ಮುಕ್ತ ಪರವಾನಗಿಯ ಬರಹವಾಗಿದ್ದರಿಂದ. ಇದನ್ನು ಒಪ್ಪಿದ ಮೇಲೂ ಊರಭಿಮಾನಿಗೆ ಕಡೆಯ ಪರೀಕ್ಷೆಯೊಂದಿದೆ. ಪ್ರತಿ ಪುಟದ ಕೊನೆಗೂ ಪ್ರವಾಸಿಗನನ್ನು ಮುಂದಿನ ಊರಿಗೆ ಕಳಿಸಿಕೊಡುವ ವಿಭಾಗವಿರುತ್ತದೆ. ಪಟ್ಟದಕಲ್ಲು ಇಲ್ಲಿಂದ ಸುಮಾರು 22 ಕಿಲೋಮೀಟರ್, 1987ರಲ್ಲೇ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದು ಎಂದು ಅವನು ತನ್ನ ಕೈಯಾರೆ ಬರೆಯಬೇಕು, ‘ಆದರೂ ಬಾದಾಮಿಯಷ್ಟಲ್ಲ’ ಎಂದು ಸೇರಿಸದೆ. ಸೇರಿಸಿದರೂ ಚಿಂತೆಯಿಲ್ಲ, ಪಟ್ಟದಕಲ್ಲಿನಲ್ಲೂ ಊರಭಿಮಾನಿಗಳಿದ್ದಾರೆ, ಅವರಿಗೂ ತಿದ್ದಲು ಬರುತ್ತದೆ.