ಜಂಗಮ–ಸ್ಥಾವರ ವಿಚಾರ: ವಾಟ್‌ಫರ್ಡಿನ ಆಂಗ್ಲರನ್ನು ಕುರಿತು ಒಂದು ಪ್ರೌಢ ಸಂಶೋಧನೆ

ಬ್ರಿಟಿಷರು ನಮ್ಮನ್ನು ಬಲು ಶ್ರದ್ಧೆಯಿಂದ ಅಧ್ಯಯನ ಮಾಡಿದರು. ಜಾತಿ ಪಟ್ಟಿ ಮಾಡಿದರು, ಮೂಗಿನ ಉದ್ದಗಲ ಅಳೆದರು, ಜಿಲ್ಲೆಗೊಂದು ಗೆಜೆಟಿಯರ್ ಬರೆದರು. ಆ ಋಣವನ್ನು ಕಿಂಚಿತ್ತಾದರೂ ತೀರಿಸುವ ಘನ ಉದ್ದೇಶದಿಂದ ಪ್ರಸ್ತುತ ಸಂಶೋಧಕನು, ಕಂಪನಿ ಕೊಡಿಸಿದ ವೀಸಾದ ಮೇಲೆ, ಲಂಡನ್ನಿನ ಮಗ್ಗುಲಲ್ಲಿರುವ ವಾಟ್‌ಫರ್ಡಿನಲ್ಲಿ ನೆಲೆಸಿ ಅಲ್ಲಿನ ಮೂಲನಿವಾಸಿಗಳನ್ನು ಅವಲೋಕಿಸಿದ್ದಾನೆ. ಮೂಗು ಅಳೆಸಿಕೊಳ್ಳಲು ಯಾರೂ ಒಪ್ಪದ ಕಾರಣ ಅಧ್ಯಯನವನ್ನು ನಡವಳಿಕೆಗೆ ಸೀಮಿತಗೊಳಿಸಲಾಗಿದೆ.

2016ರ ಜೂನ್ 23ರಂದು, ಐರೋಪ್ಯ ಒಕ್ಕೂಟದಲ್ಲಿ ಇರುವುದೋ ಹೊರಡುವುದೋ ಎಂದು ಇವರು ಮತ ಹಾಕಿದರು. ಹೊರಡೋಣವೆಂದವರು ಶೇ. 51.9, ಇರೋಣವೆಂದವರು ಶೇ. 48.1. ವಾಟ್‌ಫರ್ಡಿನಲ್ಲಂತೂ ಹೊರಡುವ ಬಣ ಗೆದ್ದದ್ದು 252 ಮತಗಳಿಂದ. ಎಂದರೆ, ಬಸ್‌ಸ್ಟಾಪಿನಲ್ಲಿ ಇಬ್ಬರು ನಿಂತಿದ್ದರೆ ಒಬ್ಬರು ಇನ್ನೊಬ್ಬರಿಂದ ದೇಶ ಹಾಳಾಯಿತೆಂದು ನಂಬಿರುತ್ತಾರೆ. ಸಂಶೋಧನೆಗೆ ಇದಕ್ಕಿಂತ ಹದವಾದ ಕ್ಷೇತ್ರ ದೊರೆಯದು.

ಶಾಸ್ತ್ರೀಯ ಸೌಕರ್ಯಕ್ಕಾಗಿ ಇರೋಣವೆಂದವರನ್ನು ಸ್ಥಾವರರೆಂದೂ ಹೊರಡೋಣವೆಂದವರನ್ನು ಜಂಗಮರೆಂದೂ ವರ್ಗೀಕರಿಸಿದ್ದೇವೆ. ಇದರಲ್ಲೊಂದು ತೊಡಕುಂಟು: ಜಂಗಮರ ಮುಖ್ಯ ದೂರು ಇರುವುದೇ ಊರಿಂದೂರಿಗೆ ಬರುವವರ ಮೇಲೆ. ಇಂಥ ತೊಡಕುಗಳನ್ನು ಅಡಿಟಿಪ್ಪಣಿಗೆ ತಳ್ಳುವುದು ವಿದ್ವತ್ತಿನ ರೂಢಿ; ಸ್ಥಳಾಭಾವದಿಂದ ಅಡಿಟಿಪ್ಪಣಿಯನ್ನೇ ಕೈಬಿಡಲಾಗಿದೆ. ಇನ್ನೊಂದು ತೊಡಕು ಥೇಮ್ಸ್ ದಂಡೆಯಲ್ಲಿದೆ. ಅಲ್ಲಿ 2015ರ ನವೆಂಬರಿನಲ್ಲಿ ಬಸವಣ್ಣನವರ ಪ್ರತಿಮೆ ಅನಾವರಣಗೊಂಡಿತಷ್ಟೆ. ಆ ಪ್ರತಿಮೆಯಿರುವ ಲ್ಯಾಂಬೆತ್ ಪ್ರದೇಶದಲ್ಲಿ ಶೇ. 78.6 ಮಂದಿ ಸ್ಥಾವರಕ್ಕೇ ಮತವಿತ್ತರು. ಶರಣರು ಏನೆಂದುಕೊಂಡರೋ ತಿಳಿಯದು.

ಮತದಾನದ ವಿಧಿಯೂ ಗಮನಾರ್ಹ. ಮತಗಟ್ಟೆಯಲ್ಲಿ ಗುರುತು ಹಾಕಲು ಪೆನ್ಸಿಲ್ ಕೊಡುತ್ತಾರೆ. ರಾತ್ರೋರಾತ್ರಿ ಸರ್ಕಾರ ರಬ್ಬರಿನಿಂದ ಉಜ್ಜಿಬಿಟ್ಟೀತೆಂಬ ಗುಮಾನಿಯಿಂದ ಕೆಲವು ಜಂಗಮರು ಜೇಬಿನಲ್ಲಿ ಪೆನ್ನಿಟ್ಟುಕೊಂಡು ಹೋಗಿದ್ದರು. ಅಳಿಸಲಾಗದ ಶಾಯಿಯನ್ನು ಮೈಸೂರಿನಿಂದ ಹಲವು ದೇಶಗಳಿಗೆ ಕಳಿಸಿಕೊಡುವ ನಾಡಿನವನಾದ ಸಂಶೋಧಕನಿಗೆ, ಈ ಪ್ರಜಾಪ್ರಭುತ್ವ ಇನ್ನೂ ಎಳೆಯದೆಂದು ಕನಿಕರವಾಯಿತು.

ಫಲಿತಾಂಶದ ಬೆಳಗ್ಗೆ ಆಫೀಸಿನಲ್ಲಿ ಮೊದಲು ಕಂಡ ಲಕ್ಷಣ ಮೌನ. ನಮ್ಮಲ್ಲಾದರೆ ಚಹಾದಂಗಡಿಯಲ್ಲಿ ಸಂಪುಟ ರಚನೆಯೂ ಆಗಿ ಅದರಲ್ಲಿ ಭಿನ್ನಮತವೂ ಹುಟ್ಟಿರುತ್ತಿತ್ತು. ಇವರು ಕೆಟಲ್ ಸುತ್ತ ನಿಂತು ಮಳೆಯ ಮಾತಾಡಿದರು. ಪುಣ್ಯಕ್ಕೆ ಹಿಂದಿನ ದಿನ ಲಂಡನ್ನಿನಲ್ಲಿ ನಿಜಕ್ಕೂ ಜೋರು ಮಳೆ ಬಂದಿತ್ತು. ಪ್ರಧಾನಿ ಕ್ಯಾಮರೂನ್ ರಾಜೀನಾಮೆ ಘೋಷಿಸಿದ ಸುದ್ದಿ ಬಂದಾಗಲೂ ಚರ್ಚೆ ರೈಲು ತಡವಾದದ್ದರ ಮೇಲೇ ಇತ್ತು.

ಆಮೇಲೆ ಒಬ್ಬೊಬ್ಬರೇ ಸಂಶೋಧಕನ ಮೇಜಿನ ಬಳಿ ಬರತೊಡಗಿದರು. ಮೊದಲು ಬಂದ ಸ್ಥಾವರರು ದನಿ ತಗ್ಗಿಸಿ, "ನಮ್ಮ ದೇಶದ ಪರವಾಗಿ ನಿಮ್ಮ ಕ್ಷಮೆ ಕೇಳ್ತೀನಿ" ಎಂದು ಬಿಸ್ಕತ್ತು ಕೊಟ್ಟರು. ಅವರು ಮರೆಯಾದ ಮೇಲೆ ಜಂಗಮರು ಬಂದು, "ನಿಮ್ಮಂಥವರ ವಿಷಯ ಅಲ್ಲ ನಾವು ಹೇಳಿದ್ದು. ನೀವು ಕಷ್ಟಪಟ್ಟು ದುಡಿಯೋರು" ಎಂದು ಇನ್ನೊಂದು ಬಿಸ್ಕತ್ತು ಕೊಟ್ಟರು. ಪರಸ್ಪರ ಮಾತಾಡದ ಈ ಎರಡು ಬಣಗಳೂ ಪರದೇಶಿಯೊಬ್ಬನಿಂದ 'ಪರವಾಗಿಲ್ಲ ಬಿಡಿ' ಎನ್ನಿಸಿಕೊಳ್ಳದೆ ನೆಮ್ಮದಿಯಾಗಿ ಚಹಾ ಕುಡಿಯಲಾರವು. ಇದೇ ಪ್ರಸ್ತುತ ಪ್ರಬಂಧದ ಮುಖ್ಯ ಸಿದ್ಧಾಂತ. ಸಂಶೋಧಕನು ಇಬ್ಬರಿಗೂ ಧಾರಾಳವಾಗಿ 'ಪರವಾಗಿಲ್ಲ' ಎಂದನು. ಅಂದು ಡಬ್ಬಿಯ ಚಿತ್ರಾನ್ನ ಹಾಗೆಯೇ ಮನೆಗೆ ಮರಳಿತು.

ನೀವು ಯಾವ ಕಡೆಗೆ ಮತ ಹಾಕಿದಿರಿ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ಹೊರಗಿನವನಿಗೆ ಮತವಿದ್ದೀತೆಂಬ ಶಂಕೆಯೇ ಇಬ್ಬರಿಗೂ ಬಂದಂತಿರಲಿಲ್ಲ. ಇತ್ತು! ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ಅಲ್ಲಿ ವಾಸವಿದ್ದರೆ ಮತ ಹಾಕಬಹುದು. ಪಕ್ಕದ ಮೇಜಿನಲ್ಲಿ ವರ್ಷಗಟ್ಟಲೆ ಕೂತು ತೆರಿಗೆ ಕಟ್ಟಿದ ಫ್ರೆಂಚ್ ಸಹೋದ್ಯೋಗಿಗೆ ಹಕ್ಕಿಲ್ಲ. ಮೊನ್ನೆಮೊನ್ನೆ ಚಟ್ನಿಪುಡಿಯೊಂದಿಗೆ ಬಂದಿಳಿದ ಸಂಶೋಧಕನಿಗಿದೆ. ಪೂರ್ವಜರು ಆಳಿಸಿಕೊಂಡ ಪುಣ್ಯವು ಮೊಮ್ಮಕ್ಕಳನ್ನು ಹೀಗೆ ಕಾಯುತ್ತದೆ.

ಕನ್ನಡಿಗರು ಸ್ಥಾವರರೇ ಇರಬೇಕೆಂಬ ಊಹೆ ಕ್ಷೇತ್ರಕಾರ್ಯದಲ್ಲಿ ಬಿದ್ದುಹೋಯಿತು. ಎಪ್ಪತ್ತರ ದಶಕದಲ್ಲಿ ಬಂದ ಹಿರಿಯರೊಬ್ಬರು ಹಬ್ಬದೂಟದ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, "ಬರೋರು ಜಾಸ್ತಿ ಆದ್ರು ಕಣಪ್ಪ, ಬಾಗಿಲು ಹಾಕ್ಲೇಬೇಕಿತ್ತು" ಎಂದರು. ಪೋಲೆಂಡಿನವರು ಬರುವುದು ನಿಂತರೆ ನಮ್ಮ ಕಡೆಯ ಅಡುಗೆಯವರಿಗೆ ವೀಸಾ ಸಲೀಸಾಗುತ್ತದೆಂದು ಪ್ರಚಾರಕರು ಕರಿ ಹೋಟೆಲಿನವರಿಗೆ ಹೇಳಿದ್ದೂ ಉಂಟು. ಹಿರಿಯರ ಎದುರು ವಾದಿಸುವ ಪದ್ಧತಿ ನಮ್ಮಲ್ಲಿಲ್ಲ. ಸಂಶೋಧಕನು ತಾನೂ ತುಪ್ಪ ಹಾಕಿಸಿಕೊಂಡನು.

ಎರಡೂ ಬಣಗಳು ಒಟ್ಟಿಗೆ ಅತ್ತದ್ದನ್ನು ನೋಡಲು ಜೂನ್ 27ರವರೆಗೆ ಕಾಯಬೇಕಾಯಿತು. ಅಂದು ಯೂರೋ ಫುಟ್‌ಬಾಲಿನಲ್ಲಿ, ಮೂರೂಕಾಲು ಲಕ್ಷದಷ್ಟು ಜನರಿರುವ ಐಸ್‌ಲ್ಯಾಂಡ್ ಇಂಗ್ಲೆಂಡನ್ನು 2–1ರಿಂದ ಸೋಲಿಸಿ ಮನೆಗೆ ಕಳಿಸಿತು. ಈ ನಿರ್ಗಮನಕ್ಕೆ ಜನಮತದ ಅಗತ್ಯ ಬೀಳಲಿಲ್ಲ. ಮರುದಿನ ಆಫೀಸಿನಲ್ಲಿ ಎಲ್ಲರೂ ಬಾಯ್ತುಂಬ ಮಾತಾಡಿದರು.

ಇನ್ನೊಂದು ನಿರ್ಗಮನ 2020ರ ಜನವರಿ 31ರವರೆಗೆ ಎಳೆಯಿತು. ಆಮೇಲೆ ಯುರೋಪಿನಿಂದ ಬರುವವರು ಕಡಿಮೆಯಾದರು. 2023ರ ಹೊತ್ತಿಗೆ ಹೊಸದಾಗಿ ಬಂದವರ ಪಟ್ಟಿಯಲ್ಲಿ ಮೊದಲ ಸ್ಥಾನ ಭಾರತೀಯರದಾಗಿತ್ತು.